ಬಂದೇ ನವಾಜ್: ಗದ್ದುಗೆಯ ಹಿಂದಿನ ಗುರು

ಖ್ವಾಜಾ ಬಂದೇ ನವಾಜ್(ರಹ) ಎಂಬ ಹೆಸರನ್ನು ಕೇಳದ ಮುಸ್ಲಿಮರು ಕರ್ನಾಟಕದಲ್ಲಿ ಇರಲಿಕ್ಕಿಲ್ಲ. ಕೇಳಿದ ಹಿಂದೂಗಳೂ ಕಡಿಮೆಯೇನಿಲ್ಲ. ಕಲಬುರಗಿಯ ದರ್ಗಾ, ಅಲ್ಲಿಯ ಉರುಸು, ಸಂದಲ್ ಮೆರವಣಿಗೆ, ಹರಕೆ, ಚಾದರ, ಮಕ್ಕಳಿಗೆ ಇಡುವ ಹೆಸರು, ಭಾರ ಎತ್ತುವಾಗ ಬಾಯಿಗೆ ಬರುವ ಉದ್ಗಾರ ಹೀಗೆ ನಾನಾ ರೂಪಗಳಲ್ಲಿ ಈ ಹೆಸರು ನಮ್ಮ ನಡುವೆ ಓಡಾಡಿಕೊಂಡಿದೆ. ಆದರೆ ಆ ಹೆಸರಿನ ಮನುಷ್ಯರು ಬದುಕಿದ್ದಾಗ ದಿನವೂ ಏನು ಮಾಡುತ್ತಿದ್ದರು ಎಂದು ಕೇಳಿ ನೋಡಿ. ಉತ್ತರ ತಡವರಿಸುತ್ತದೆ. ಪವಾಡ ಮಾಡುತ್ತಿದ್ದರು ಎನ್ನುವವರಿದ್ದಾರೆ. ದುಆ ಮಾಡುತ್ತಿದ್ದರು ಎನ್ನುವವರಿದ್ದಾರೆ. ಅವರು ಪಾಠ ಹೇಳುತ್ತಿದ್ದರು ಎನ್ನುವವರು ಮಾತ್ರ ಬಲು ಅಪರೂಪ.

ಅವರು ನಿಜವಾಗಿ ಮಾಡಿದ್ದು ಅದನ್ನೇ. ದಿಲ್ಲಿಯಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ, ಆಮೇಲೆ ಕಲಬುರಗಿಯಲ್ಲಿ ಎರಡು ದಶಕ ಅವರು ಪಾಠ ಹೇಳಿದರು, ಪುಸ್ತಕ ಬರೆದರು, ಬರೆಸಿದರು, ವಾದ ಮಾಡಿದರು. ಕುರ್‌ಆನಿಗೆ ವ್ಯಾಖ್ಯಾನ ಬರೆದರು. ತಮಗಿಂತ ಹಿಂದಿನ ದೊಡ್ಡ ತತ್ವಜ್ಞಾನಿಗಳ ಜೊತೆ ಜಗಳವಾಡಿದರು. ಈ ಗುರು ನಮ್ಮ ನೆನಪಿನಿಂದ ಜಾರಿಹೋಗಿ ಗದ್ದುಗೆಯೊಂದೇ ಉಳಿದದ್ದು ಹೇಗೆ? ಇದನ್ನು ಕೇಳಿಕೊಳ್ಳುವುದು ಇಂದು ಅಗತ್ಯವಾಗಿದೆ. ಏಕೆಂದರೆ ಈಗ ದರ್ಗಾಗಳ ಬಗ್ಗೆ ಎರಡು ಗದ್ದಲಗಳು ನಡೆದಿವೆ. ಒಂದು, ದರ್ಗಾ ಎಂದರೆ ಬರೀ ಸೌಹಾರ್ದದ ಫಲಕ ಎಂದು ಹೊಗಳುವ ಗದ್ದಲ. ಇನ್ನೊಂದು, ದರ್ಗಾ ಎಂದರೆ ಬರೀ ಮೌಢ್ಯ ಎಂದು ತಳ್ಳುವ ಗದ್ದಲ. ಎರಡರಲ್ಲೂ ಒಳಗೆ ಮಲಗಿರುವವರ ಮಾತನ್ನು ಕೇಳುವ ವ್ಯವಧಾನವಿಲ್ಲ.

ದೌಲತಾಬಾದಿನ ದಾರಿ, ದಿಲ್ಲಿಯ ಪಾಠ

ಸೈಯದ್ ಮುಹಮ್ಮದ್ ಅಲ್ ಹುಸೈನಿ ಅವರ ನಿಜವಾದ ಹೆಸರು. ಹುಟ್ಟಿದ್ದು 1321ರಲ್ಲಿ, ದಿಲ್ಲಿಯಲ್ಲಿ. ಏಳರ ಆಸುಪಾಸಿನಲ್ಲಿ ಅವರು ಮೊದಲ ವಲಸೆ ಕಂಡರು. ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೇವಗಿರಿಗೆ ಅಂದರೆ ದೌಲತಾಬಾದಿಗೆ ಬದಲಿಸಿದ ಕಾಲ ಅದು. ದಿಲ್ಲಿಯ ವಿದ್ವಾಂಸರು, ಸೂಫಿಗಳು, ಅಧಿಕಾರಿಗಳು ಸಂಸಾರ ಕಟ್ಟಿಕೊಂಡು ದಖ್ಖನಿನ ದಾರಿ ಹಿಡಿದರು. ತಂದೆ ಸೈಯದ್ ಯೂಸುಫ್ ಅವರ ಕುಟುಂಬವೂ ಹೀಗೆ ಬಂತು. 1331ರಲ್ಲಿ ತಂದೆ ಅಲ್ಲೇ ತೀರಿಕೊಂಡರು. ಅವರ ಸಮಾಧಿ ಖುಲ್ದಾಬಾದಿನಲ್ಲಿದೆ. ಹುಡುಗನಿಗಾಗ ಹತ್ತು ವರ್ಷ. ನಾಲ್ಕಾರು ವರ್ಷದ ಬಳಿಕ ತಾಯಿ ಮಕ್ಕಳನ್ನು ಕರೆದುಕೊಂಡು ದಿಲ್ಲಿಗೆ ಮರಳಿದರು. ದಖ್ಖನಿಗೂ ಈ ಮಗುವಿಗೂ ನಂಟು ಬಿದ್ದದ್ದು ಹೀಗೆ, ಸುಲ್ತಾನನೊಬ್ಬನ ಹಟದಿಂದ ಮತ್ತು ತಂದೆಯ ಗೋರಿಯಿಂದ.

ದಿಲ್ಲಿಯಲ್ಲಿ ಆಗ ಚಿಶ್ತಿ ಪರಂಪರೆಯ ದೀಪ ಹಿಡಿದವರು ಶೇಖ್ ನಸೀರುದ್ದೀನ್. ಹಜರತ್ ನಿಜಾಮುದ್ದೀನ್ ಔಲಿಯಾ 1325ರಲ್ಲಿ ನಿಧನರಾದ ಮೇಲೆ ಅವರ ಸ್ಥಾನದಲ್ಲಿ ಕೂತವರು. ಜನ ಅವರನ್ನು 'ಚಿರಾಗೆ ದೆಹಲಿ', ದಿಲ್ಲಿಯ ದೀಪ ಎಂದು ಕರೆದರು. 1336ರಲ್ಲಿ, ಹದಿನೈದರ ಹರೆಯದಲ್ಲಿ, ನಮ್ಮ ಸೈಯದ್ ಮುಹಮ್ಮದ್ ಅವರ ಮುರೀದರಾದರು. ಹುಡುಗನಿಗೆ ಧ್ಯಾನದ ಹುಚ್ಚು ಹತ್ತಿತ್ತು. ಓದು ಬಿಟ್ಟು ಪೂರ್ತಿಯಾಗಿ ಸೂಫಿ ಸಾಧನೆಗೆ ಇಳಿಯುವ ಆಸೆ. ಗುರುಗಳು ಒಪ್ಪಲಿಲ್ಲ, ಓದು ಮುಗಿಸು ಎಂದರು. ಖಾಜಿ ಅಬ್ದುಲ್ ಮುಖ್ತದಿರ್ ಮುಂತಾದ ವಿದ್ವಾಂಸರ ಬಳಿ ವ್ಯಾಕರಣ, ತರ್ಕ, ಫಿಖ್ಹ್, ತಫ್ಸೀರ್ ಎಲ್ಲವನ್ನೂ ಕ್ರಮವಾಗಿ ಕಲಿಯಬೇಕಾಯಿತು. ಮುಂದೆ ಇವರೇ ಗುರುವಾದಾಗ ಇದೇ ಕ್ರಮವನ್ನು ಬಿಡದೆ ಪಾಲಿಸಿದರು. ಮೊದಲು ಗ್ರಂಥ, ಆಮೇಲೆ ಗುಟ್ಟು. ಸೂಫಿಗಳೆಂದರೆ ಗ್ರಂಥಗಳನ್ನು ಬಿಸಾಕಿ ಹೊರಟ ಅವಧೂತರು ಎಂಬ ಕಲ್ಪನೆ ನಮ್ಮ ಸಾಹಿತ್ಯದಲ್ಲಿ ಸಾಕಷ್ಟಿದೆ. ಬಂದೇ ನವಾಜರು ಆ ಅಚ್ಚಿಗೆ ಕೂರುವವರಲ್ಲ.

'ಗೇಸೂದರಾಜ್' ಎಂದರೆ ನೀಳ ಕೂದಲಿನವರು. ಈ ಹೆಸರಿನ ಹಿಂದೆ ಒಂದು ಕಥೆ ಹೇಳುತ್ತಾರೆ. ಗುರುಗಳ ಪಲ್ಲಕ್ಕಿಗೆ ಹೆಗಲು ಕೊಟ್ಟಾಗ ಇವರ ಉದ್ದ ಕೂದಲು ಪಲ್ಲಕ್ಕಿಗೆ ಸಿಕ್ಕಿಕೊಂಡಿತಂತೆ. ಬಿಡಿಸಿಕೊಳ್ಳಲು ಪಲ್ಲಕ್ಕಿ ನಿಲ್ಲಿಸಬೇಕು, ನಿಲ್ಲಿಸಿದರೆ ಗುರುಗಳಿಗೆ ತೊಂದರೆ. ನೋವು ನುಂಗಿಕೊಂಡು ಅಷ್ಟು ದೂರವೂ ನಡೆದರಂತೆ. ಕಥೆ ನಡೆದದ್ದೋ ಕಟ್ಟಿದ್ದೋ, ಅದು ಹೇಳುವುದು ಶಿಷ್ಯನೊಬ್ಬನ ಕಥೆಯನ್ನು ಎಂಬುದು ಗಮನಾರ್ಹ. ಅದರಲ್ಲಿ ಪವಾಡವಿಲ್ಲ, ಸಹನೆಯಿದೆ.

1356ರಲ್ಲಿ ಚಿರಾಗೆ ದೆಹಲಿ ನಿಧನರಾದರು. ಪರಂಪರೆಯಿಂದ ಬಂದ ನಿಲುವಂಗಿ, ಜಪಮಾಲೆ, ಪಾದುಕೆ, ಭಿಕ್ಷಾಪಾತ್ರೆ ಇವನ್ನೆಲ್ಲ ಯಾರಿಗೂ ಕೊಡದೆ ತಮ್ಮ ಜೊತೆಗೇ ಮಣ್ಣು ಮಾಡಲು ಅವರು ಹೇಳಿದ್ದರು. ಗುರುಗಳ ದೇಹಕ್ಕೆ ಸ್ನಾನ ಮಾಡಿಸಿದ ಮಂಚದ ಹಗ್ಗವನ್ನು ಬಿಚ್ಚಿ ಕೊರಳಿಗೆ ಹಾಕಿಕೊಂಡ ಗೇಸೂದರಾಜರು, ನನಗೆ ಇದೇ ಖಿರ್ಖಾ ಸಾಕು ಎಂದರಂತೆ. ಅಲ್ಲಿಂದ ಮುಂದೆ ದಿಲ್ಲಿಯಲ್ಲಿ ಅವರ ಸ್ವತಂತ್ರ ಗುರುತ್ವ ಶುರುವಾಯಿತು.

ಎಂಬತ್ತರ ಅಂಚಿನಲ್ಲಿ ವಲಸೆ

1398ರ ಡಿಸೆಂಬರ್. ತೈಮೂರನ ಸೈನ್ಯ ದಿಲ್ಲಿಯ ಬಾಗಿಲಿಗೆ ಬಂದಿತ್ತು. ಆ ಸೈನ್ಯ ಹೊಕ್ಕ ಮೇಲೆ ದಿಲ್ಲಿಯಲ್ಲಿ ನಡೆದ ಕೊಲೆ ಸುಲಿಗೆಗಳು ಇತಿಹಾಸಕ್ಕೆ ಗೊತ್ತಿವೆ. ಆಳಿದವನೂ ಮುಸ್ಲಿಮ, ನುಗ್ಗಿದವನೂ ಮುಸ್ಲಿಮ, ಸತ್ತವರಲ್ಲಿ ಎಲ್ಲ ಧರ್ಮದ ಬಡವರೂ ಇದ್ದರು. ಮಧ್ಯಯುಗದ ಯುದ್ಧಗಳನ್ನು ಧರ್ಮಗಳ ಯುದ್ಧವಾಗಿ ಮಾತ್ರ ಓದಿಸುವವರು ಈ ಡಿಸೆಂಬರನ್ನು ನೆನೆಯುವುದು ಒಳ್ಳೆಯದು.

ಗೇಸೂದರಾಜರಿಗೆ ಆಗ 77 ವರ್ಷ. ಮನೆಮಂದಿ, ಶಿಷ್ಯರು, ಪುಸ್ತಕಗಳೊಂದಿಗೆ ದಿಲ್ಲಿ ಬಿಟ್ಟರು. ಗ್ವಾಲಿಯರ್, ಚಂದೇರಿ, ಬಡೋದಾ, ಖಂಬಾತ್ ಹೀಗೆ ಊರಿಂದ ಊರಿಗೆ ದಾರಿ ಸಾಗಿತು. ಎಲ್ಲೆಲ್ಲಿ ತಂಗಿದರೋ ಅಲ್ಲೆಲ್ಲ ಜನ ಸೇರಿದರು, ಪ್ರಶ್ನೆ ಕೇಳಿದರು. 1400ರ ಸುಮಾರಿಗೆ ಈ ಮಾತುಕತೆಗಳನ್ನು ಹಿರಿಯ ಮಗ ಸೈಯದ್ ಅಕ್ಬರ್ ಹುಸೈನಿ ಬರೆದಿಟ್ಟುಕೊಂಡರು. ಅದೇ 'ಜವಾಮಿಉಲ್ ಕಲಿಮ್'. ಇಂಥ ಮಾತಿನ ಸಂಗ್ರಹಗಳಿಗೆ ಮಲ್ಫೂಜಾತ್ ಎನ್ನುತ್ತಾರೆ. ಊರು ಕಳೆದುಕೊಂಡ ಮುದುಕರೊಬ್ಬರು ವಲಸೆಯ ಕಾಲದಲ್ಲಿ ಆಡಿದ ಮಾತುಗಳೆಂದು ನೆನಪಿಟ್ಟುಕೊಂಡರೆ ಆ ಗ್ರಂಥದ ತೂಕ ಬೇರೆಯೇ ಆಗುತ್ತದೆ.

ಕೊನೆಗೆ ಅವರು ತಂದೆಯ ಗೋರಿಯಿದ್ದ ಖುಲ್ದಾಬಾದ್ ತಲುಪಿದರು. ಬಾಲ್ಯದಲ್ಲಿ ಬಿಟ್ಟ ನೆಲಕ್ಕೆ ಅರವತ್ತು ಚಿಲ್ಲರೆ ವರ್ಷಗಳ ಬಳಿಕ ಮರಳಿದರು. ಬಹಮನಿ ಸುಲ್ತಾನ ಫಿರೋಜ್ ಷಾ ತನ್ನ ರಾಜಧಾನಿ ಗುಲ್ಬರ್ಗಕ್ಕೆ ಬರಬೇಕೆಂದು ಕೋರಿದ. ಅವರು ಬಂದರು. ಆ ಊರಿಗೆ ಸೂಫಿಗಳು ಹೊಸಬರಾಗಿರಲಿಲ್ಲ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗಲೇ ಶೇಖ್ ಸಿರಾಜುದ್ದೀನ್ ಜುನೈದಿಯವರು ಆ ಮನೆತನಕ್ಕೆ ಗುರುಗಳಾಗಿದ್ದರು. ಆದರೆ ದಿಲ್ಲಿಯ ಚಿಶ್ತಿ ದೀಪದಿಂದ ನೇರವಾಗಿ ಹೊತ್ತಿಸಿಕೊಂಡು ಬಂದ ಇಷ್ಟು ದೊಡ್ಡ ವಿದ್ವಾಂಸರು ಕನ್ನಡ ನೆಲದಲ್ಲಿ ಬೀಡುಬಿಟ್ಟದ್ದು ಅದೇ ಮೊದಲು.

ಇಬ್ಬರು ಗುರುಗಳು, ಒಂದು ಊರು

ಫಿರೋಜ್ ಷಾ ಸಾಮಾನ್ಯ ಸುಲ್ತಾನನಲ್ಲ. 1397ರಿಂದ 1422ರವರೆಗೆ ಆಳಿದ ಈತ ಹಲವು ಭಾಷೆ ಬಲ್ಲವ, ಗಣಿತ, ರೇಖಾಗಣಿತ, ತರ್ಕ, ಖಗೋಳಗಳ ಪ್ರೇಮಿ. ವಾರದಲ್ಲಿ ಮೂರು ದಿನ ತಾನೇ ಕೂತು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ಎಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. 1407ರಲ್ಲಿ ದೌಲತಾಬಾದಿನ ಬಳಿ ನಕ್ಷತ್ರ ವೀಕ್ಷಣಾಲಯ ಕಟ್ಟಿಸಲು ಹೊರಟ. ಹೊಣೆ ಹೊತ್ತಿದ್ದ ಹಕೀಮ್ ಹಸನ್ ಗೀಲಾನಿ ತೀರಿಕೊಂಡದ್ದರಿಂದ ಕೆಲಸ ಅರ್ಧಕ್ಕೆ ನಿಂತಿತು. ಭೀಮಾ ನದಿಯ ದಂಡೆಯ ಫಿರೋಜಾಬಾದ್ ಪಟ್ಟಣವೂ ಇವನದೇ.

ಇಂಥ ರಾಜನಿಗೂ ಇಂಥ ಗುರುವಿಗೂ ಹೊಂದಾಣಿಕೆ ಆಗಬೇಕಿತ್ತಲ್ಲ? ಆಗಲಿಲ್ಲ. ತರ್ಕ ಮತ್ತು ತತ್ವಶಾಸ್ತ್ರದಲ್ಲಿ ಗೇಸೂದರಾಜರಿಗೆ ತಾನು ಬಯಸಿದಷ್ಟು ಪಾಂಡಿತ್ಯವಿಲ್ಲ ಎಂದು ಸುಲ್ತಾನ ಅಸಡ್ಡೆ ತೋರಿದ ಎಂಬುದು ಫಿರಿಶ್ತಾ ಕೊಡುವ ಕಾರಣ. ತಫ್ಸೀರ್, ಹದೀಸ್‌ಗಳ ಮೇಲೆ ಗ್ರಂಥ ಬರೆದವರಿಗೆ ವಿದ್ಯೆ ಕಡಿಮೆ ಎಂದರೆ ಯಾರು ನಂಬುತ್ತಾರೆ? ಜಗಳವಿದ್ದದ್ದು ವಿದ್ಯೆಯ ಪ್ರಮಾಣದ ಬಗ್ಗೆ ಅಲ್ಲ, ಯಾವುದು ವಿದ್ಯೆ ಎಂಬುದರ ಬಗ್ಗೆ. ಸುಲ್ತಾನನಿಗೆ ಬುದ್ಧಿಯಿಂದ ಅಳೆಯಬಲ್ಲದ್ದು ವಿದ್ಯೆ. ಗುರುಗಳಿಗೆ ಮನುಷ್ಯನನ್ನು ತಿದ್ದಬಲ್ಲದ್ದು ವಿದ್ಯೆ. ಬಗ್ದಾದಿನಲ್ಲಿ ಇಮಾಂ ಗಜ್ಜಾಲಿಯವರನ್ನು ಕಾಡಿದ ಪ್ರಶ್ನೆ ಮುನ್ನೂರು ವರ್ಷಗಳ ನಂತರ ಗುಲ್ಬರ್ಗದ ಕೋಟೆಯ ಬದಿಯಲ್ಲಿ ಮತ್ತೆ ಎದ್ದು ನಿಂತಿತ್ತು.

ಜಗಳಕ್ಕೆ ರಾಜಕೀಯದ ತುಪ್ಪವೂ ಬಿತ್ತು. 1415ರಲ್ಲಿ ಫಿರೋಜ್ ತನ್ನ ಮಗ ಹಸನ್ ಖಾನನನ್ನು ಉತ್ತರಾಧಿಕಾರಿ ಎಂದು ಸಾರಿ, ಗುರುಗಳ ಆಶೀರ್ವಾದ ಬೇಡಿದ. ಅವರು ಕೊಡಲಿಲ್ಲ. ಸಿಂಹಾಸನ ಸುಲ್ತಾನನ ತಮ್ಮ ಅಹ್ಮದನಿಗೆ ಎಂದು ಸೂಚಿಸಿದರು. ಖಾನಖಾಹಿನ ಜನಸಂದಣಿ ಕೋಟೆಗೆ ತೀರ ಹತ್ತಿರವಾಯಿತು, ದೂರ ಹೋಗಿ ಎಂದು ಸುಲ್ತಾನ ಹೇಳಿಸಿದ. ಗುರುಗಳು ಎದ್ದು ಊರ ಆಚೆಗೆ ಹೋದರು. ಇಂದು ದರ್ಗಾ ಇರುವುದು ಅಲ್ಲೇ. ಅಹ್ಮದ್ ಮಾತ್ರ ಅವರ ಬೋಧನೆಗೆ ತಪ್ಪದೆ ಹೋಗಿ ಕೂರುತ್ತಿದ್ದ.

1420ರ ಹೊತ್ತಿಗೆ ಪಾನಗಲ್ಲಿನಲ್ಲಿ ವಿಜಯನಗರದ ಎದುರು ಫಿರೋಜ್ ದೊಡ್ಡ ಸೋಲುಂಡ. 1422ರ ಸೆಪ್ಟೆಂಬರಿನಲ್ಲಿ ಅಹ್ಮದ್ ಪಟ್ಟಕ್ಕೆ ಬಂದ. ಆ ವರ್ಷ ನವೆಂಬರ್ 1ರಂದು ಗೇಸೂದರಾಜರು ಕಣ್ಣು ಮುಚ್ಚಿದರು. ಅವರಿಗೆ ನೂರು ತುಂಬಿ ಮೇಲೊಂದಾಗಿತ್ತು, ಹಿಜರಿ ಲೆಕ್ಕದಲ್ಲಿ ನೂರಾ ನಾಲ್ಕು. ಗೋರಿಯ ಮೇಲೆ ಗುಮ್ಮಟವೆಬ್ಬಿಸಿದ ಅಹ್ಮದ್ ಷಾ ಖಾನಖಾಹಿಗೆ ಹಳ್ಳಿಗಳನ್ನು ಇನಾಮಾಗಿ ಬರೆದುಕೊಟ್ಟ.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಸುಲ್ತಾನ ಒಂದು ಬಾಗಿಲಿಂದ ಬಂದರೆ ನಾನು ಇನ್ನೊಂದು ಬಾಗಿಲಿಂದ ಹೊರಡುತ್ತೇನೆ ಎಂಬ ಅರ್ಥದ ಮಾತು ಇದೇ ಪರಂಪರೆಯ ನಿಜಾಮುದ್ದೀನ್ ಔಲಿಯಾರ ಹೆಸರಲ್ಲಿದೆ. ಅವರ ಶಿಷ್ಯರ ಶಿಷ್ಯರು ಸಿಂಹಾಸನ ಯಾರಿಗೆ ಎಂದು ಹೇಳುವ ಮಟ್ಟಕ್ಕೆ ಬಂದದ್ದೂ, ಅವರ ಖಾನಖಾಹು ಇನಾಮು ಭೂಮಿಯ ಒಡೆತನಕ್ಕೆ ಸೇರಿದ್ದೂ ಸಣ್ಣ ಬದಲಾವಣೆಯಲ್ಲ. ಭೂಮಿ ಬಂದ ಮೇಲೆ ವಂಶ ಮುಖ್ಯವಾಗುತ್ತದೆ. ವಂಶ ಮುಖ್ಯವಾದಾಗ ಪಾಠ ಹಿಂದೆ ಸರಿಯುತ್ತದೆ. ದಖ್ಖನಿನ ಹಲವು ಸೂಫಿ ಕೇಂದ್ರಗಳ ಮುಂದಿನ ಚರಿತ್ರೆ ಇದೇ ಎಂದು ಇತಿಹಾಸಕಾರ ರಿಚರ್ಡ್ ಈಟನ್ ತೋರಿಸಿದ್ದಾರೆ. ರಾಜರ ಪ್ರೀತಿಯೂ ಶಾಶ್ವತವಲ್ಲ. ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಬದಲಿಸಿದ. ಇರಾನಿನ ಕಿರ್ಮಾನಿನಿಂದ ಷಾ ನೇಮತುಲ್ಲಾರ ಮನೆತನದವರನ್ನು ಕರೆಸಿಕೊಂಡ. ಗುಲ್ಬರ್ಗದ ಗುರುಮನೆ ರಾಜಧಾನಿಯ ಬೆಳಕಿನಿಂದ ಆಚೆ ಉಳಿಯಿತು. ಉಳಿಸಿಕೊಂಡವರು ಜನ.

ಏನು ಕಲಿಸಿದರು?

ಗೇಸೂದರಾಜರ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಗ್ರಂಥಗಳನ್ನು ಪರಂಪರೆ ಎಣಿಸುತ್ತದೆ. 'ಮುಲ್ತಖತ್' ಎಂಬ ಕುರ್‌ಆನ್ ವ್ಯಾಖ್ಯಾನ, 'ಅಸ್ಮಾರುಲ್ ಅಸ್ರಾರ್', 'ಹದಾಯಿಖುಲ್ ಉನ್ಸ್', ಸಾಧಕರ ದಿನಚರಿಯನ್ನು ವಿವರಿಸುವ 'ಖಾತಿಮಾ' ಇವುಗಳಲ್ಲಿ ಮುಖ್ಯವಾದವು. ಜೊತೆಗೆ ಹಿಂದಿನ ಸೂಫಿ ಶಾಸ್ತ್ರಗ್ರಂಥಗಳಿಗೆ ಬರೆದ ವಿವರಣೆಗಳಿವೆ. ಖುಶೈರಿಯವರ 'ರಿಸಾಲಾ', ಕಲಾಬಾದಿಯವರ 'ತಅರ್ರುಫ್', ಅಬೂ ನಜೀಬ್ ಸುಹ್ರವರ್ದಿಯವರ 'ಆದಾಬುಲ್ ಮುರೀದೀನ್', ಐನುಲ್ ಖುಜಾತ್ ಹಮದಾನಿಯವರ 'ತಮ್‌ಹೀದಾತ್' ಇವುಗಳ ಮೇಲೆ ಅವರು ಕೆಲಸ ಮಾಡಿದರು.

ಈ ಪಟ್ಟಿಯನ್ನು ಸುಮ್ಮನೆ ಕೊಡುತ್ತಿಲ್ಲ. ಇದರಲ್ಲಿ ಒಬ್ಬ ಅಧ್ಯಾಪಕರ ಕಷ್ಟ ಕಾಣುತ್ತದೆ. ಈ ಮೂಲಗ್ರಂಥಗಳಲ್ಲಿ ಹೆಚ್ಚಿನವು ಅರಬಿಯವು. ಎದುರು ಕೂತ ಶಿಷ್ಯರಲ್ಲಿ ಎಲ್ಲರೂ ಅರಬಿ ಪಂಡಿತರಲ್ಲ. ಅವರಿಗಾಗಿ ಗುರುಗಳು ಅರಬಿಯ ಮಾತನ್ನು ಆ ಕಾಲದ ಓದುಬಲ್ಲವರ ಭಾಷೆಯಾಗಿದ್ದ ಫಾರಸಿಗೆ ತಂದರು, ಸಾಲು ಸಾಲು ಬಿಡಿಸಿ ಹೇಳಿದರು. ವಿದ್ಯೆಯನ್ನು ಕೇಳುಗರ ಭಾಷೆಗೆ ಇಳಿಸುವುದು ಕೀಳು ಕೆಲಸ ಎಂದು ಅವರು ಎಣಿಸಲಿಲ್ಲ.

ತತ್ವದಲ್ಲಿ ಅವರದು ಖಚಿತ ನಿಲುವು. 1240ರಲ್ಲಿ ನಿಧನರಾದ ಇಬ್ನ್ ಅರಬಿಯವರ ಚಿಂತನೆ ಆಗ ಸೂಫಿ ಲೋಕವನ್ನೆಲ್ಲ ಆವರಿಸಿತ್ತು. ಇರುವುದು ಒಂದೇ ಇರವು, ಉಳಿದದ್ದೆಲ್ಲ ಅದರ ಪ್ರಕಟಣೆ ಎಂಬುದು ಅದರ ಸಾರ. ನಮ್ಮ ಅದ್ವೈತವನ್ನು ಬಲ್ಲವರಿಗೆ ಇದು ತೀರ ಪರಕೀಯ ಎನಿಸದು. ಗೇಸೂದರಾಜರು ಇದನ್ನು ಒಪ್ಪಲಿಲ್ಲ. ಸಾಧಕನಿಗೆ ಆಗುವ ಏಕತೆಯ ಅನುಭವ ನಿಜ, ಆದರೆ ಅನುಭವದಲ್ಲಿ ಎರಡು ಒಂದಾಗಿ ಕಂಡ ಮಾತ್ರಕ್ಕೆ ಸೃಷ್ಟಿಯೂ ಸೃಷ್ಟಿಕರ್ತನೂ ಒಂದೇ ಆಗುವುದಿಲ್ಲ ಎಂಬ ಕಡೆಗೆ ಅವರ ವಾದ ವಾಲುತ್ತದೆ. ಇಬ್ನ್ ಅರಬಿಯವರ ಪಕ್ಷ ವಹಿಸಿದ್ದ ಸಮಕಾಲೀನ ಸೂಫಿ ಅಶ್ರಫ್ ಜಹಾಂಗೀರ್ ಸಿಮ್ನಾನಿಯವರಿಗೂ ಇವರಿಗೂ ಈ ವಿಷಯದಲ್ಲಿ ಭಿನ್ನಮತವಿತ್ತು. ರೂಮಿ, ಅತ್ತಾರರಂಥ ಮಹಾಕವಿಗಳನ್ನೂ ಅವರು ಬಿಡದೆ ಟೀಕಿಸಿದರು. ಹಾಗೆಂದು ಒಣ ಶಾಸ್ತ್ರಿಗಳೂ ಅಲ್ಲ. ಸಮಾ ಅಂದರೆ ಭಕ್ತಿಗಾಯನದ ಕೂಟವನ್ನು ನಿಯಮಗಳೊಂದಿಗೆ ಎತ್ತಿಹಿಡಿದರು. ಫಾರಸಿಗೆ ಅದರದೇ ಸೊಗಸಿದ್ದರೂ ಹಿಂದವಿ ಹಾಡು ಮೃದು, ಅದು ಎದೆಯನ್ನು ಕರಗಿಸುತ್ತದೆ ಎಂಬ ಅಭಿಪ್ರಾಯ ಅವರ ಮಾತುಕತೆಗಳಲ್ಲಿ ದಾಖಲಾಗಿದೆ.

ಇನ್ನೊಂದು ಸಂಗತಿಯನ್ನು ಅರೆಬರೆ ಹೇಳುವ ರೂಢಿ ನಮ್ಮಲ್ಲಿದೆ. ಬಂದೇ ನವಾಜರು ಸಂಸ್ಕೃತ ಗ್ರಂಥಗಳನ್ನು ಓದಿದ್ದರು, ಪುರಾಣಗಳನ್ನು ಬಲ್ಲವರಾಗಿದ್ದರು ಎಂದು ಸೌಹಾರ್ದದ ಭಾಷಣಗಳಲ್ಲಿ ಕೇಳುತ್ತೇವೆ. ಅದು ನಿಜ, 'ಜವಾಮಿಉಲ್ ಕಲಿಮ್'ನಲ್ಲಿ ಅವರೇ ಹೇಳಿಕೊಂಡಿದ್ದಾರೆ. ಆದರೆ ಅವರು ಅದನ್ನು ಓದಿದ್ದು ಬ್ರಾಹ್ಮಣ ಪಂಡಿತರೊಂದಿಗೆ ವಾದ ಮಾಡಲಿಕ್ಕೆ, ತಮ್ಮ ಧರ್ಮದ ಹಿರಿಮೆಯನ್ನು ಸ್ಥಾಪಿಸಲಿಕ್ಕೆ. ಎಲ್ಲ ಧರ್ಮವೂ ಒಂದೇ ಎಂದು ಹೇಳಲಿಕ್ಕಲ್ಲ. ಈ ಉಳಿದರ್ಧವನ್ನು ಮುಚ್ಚಿಟ್ಟರೆ ನಾವು ಅವರಿಗೂ ಇತಿಹಾಸಕ್ಕೂ ಅನ್ಯಾಯ ಮಾಡಿದಂತೆ. ಮುಚ್ಚಿಡಬೇಕಾದ ಅಗತ್ಯವೂ ಇಲ್ಲ. ಎದುರಿನವರ ಗ್ರಂಥವನ್ನು ಅವರ ಭಾಷೆಯಲ್ಲೇ ಓದಿ, ಎದುರುಬದುರು ಕೂತು, ಮಾತಿನಲ್ಲಿ ವಾದಿಸಿ, ಒಪ್ಪದೆ ಎದ್ದುಹೋದವರನ್ನು ಹಾಗೆಯೇ ಬಿಟ್ಟುಕೊಟ್ಟದ್ದು ಸಣ್ಣ ಗುಣವೇ? ಓದದೆ ಕಚ್ಚಾಡುವ ಇಂದಿನ ಕಾಲದಲ್ಲಿ, ಓದಿ ಭಿನ್ನವಾಗಿ ನಿಂತವರ ಮಾದರಿ ಬರೀ ಅಪ್ಪುಗೆಯ ಚಿತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ತುಂಗಭದ್ರೆಯ ಈಚೆಗೆ

ಹಿರಿಯೂರು ತಾಲೂಕಿನ ಆದಿವಾಲದಲ್ಲಿ ಕೂತು ಇದನ್ನು ಬರೆಯುವ ನಮಗೆ ಒಂದು ಪ್ರಶ್ನೆ ಸಹಜವಾಗಿ ಬರುತ್ತದೆ. ಗೇಸೂದರಾಜರ ಕಾಲದಲ್ಲಿ ನಮ್ಮ ಈ ವೇದಾವತಿ ಸೀಮೆ ವಿಜಯನಗರದ ಆಳ್ವಿಕೆಗೆ ಸೇರಿತ್ತು. ಬಹಮನಿಗಳಿಗೂ ವಿಜಯನಗರಕ್ಕೂ ಕೃಷ್ಣಾ ತುಂಗಭದ್ರೆಗಳ ನಡುವಿನ ದೋಆಬಿಗಾಗಿ ಯುದ್ಧದ ಮೇಲೆ ಯುದ್ಧ. ಬಂದೇ ನವಾಜರು ನದಿ ದಾಟಿ ಇತ್ತ ಬಂದವರಲ್ಲ. ಬಹಮನಿ ಸಿಂಹಾಸನವೂ ಇಲ್ಲಿ ಊರಲಿಲ್ಲ. ಹಾಗಿದ್ದರೆ ಅವರ ಹೆಸರು ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆಗಳ ಮನೆಗಳಿಗೆ ಬಂದದ್ದು ಹೇಗೆ? ಹಿರಿಯೂರಿನಿಂದ ಚಳ್ಳಕೆರೆ, ಬಳ್ಳಾರಿ, ಸಿಂಧನೂರು, ಲಿಂಗಸುಗೂರು ಹಾದು ಜೇವರ್ಗಿ ಮುಟ್ಟುವ ಹೆದ್ದಾರಿ ಇಂದಿದೆ, ಅಲ್ಲಿಂದ ಕಲಬುರಗಿ ದೂರವಿಲ್ಲ. ಆದರೆ ಹೆಸರು ಬಂದದ್ದು ಡಾಂಬರು ರಸ್ತೆಗಿಂತ ಬಹಳ ಮೊದಲೇ.

ಅದು ಬಂದದ್ದು ಶಿಷ್ಯರ ಮೂಲಕ ಮತ್ತು ಭಾಷೆಯ ಮೂಲಕ. ಗೇಸೂದರಾಜರ ಶಿಷ್ಯಪರಂಪರೆಯ ಒಂದು ಕವಲು ಬಿಜಾಪುರದ ಮೀರಾಂಜಿ ಶಂಸುಲ್ ಉಷ್ಶಾಖರನ್ನು ಮುಟ್ಟಿತು. ಅವರ ಮಗ ಬುರ್ಹಾನುದ್ದೀನ್ ಜಾನಂ 1582ರಲ್ಲಿ 'ಇರ್ಷಾದ್ ನಾಮಾ' ಬರೆದರು. ಅದು ದಖನಿಯಲ್ಲಿದೆ, ಶಿಷ್ಯನ ಪ್ರಶ್ನೆ, ಗುರುವಿನ ಉತ್ತರ ಎಂಬ ರೂಪದಲ್ಲಿದೆ. ಅರಬಿಯಿಂದ ಫಾರಸಿಗೆ ಇಳಿದ ಪಾಠ ಹೀಗೆ ಫಾರಸಿಯಿಂದ ಸಂತೆಯ ಮಾತಿಗೆ ಇಳಿಯಿತು. ಅಲ್ಲಿಂದ ಮುಂದೆ ಅದು ಹೆಂಗಸರ ಬಾಯಿಗೆ ಬಂತು. ಬೀಸುವ ಕಲ್ಲಿನ 'ಚಕ್ಕಿನಾಮಾ', ರಾಟೆಯ 'ಚರಖಾನಾಮಾ', ತೊಟ್ಟಿಲ ಹಾಡು ಇವುಗಳಲ್ಲಿ ಅಲ್ಲಾಹನ ಹೆಸರು, ಪ್ರವಾದಿ(ಸ)ಯವರ ಪ್ರೀತಿ, ಪೀರರ ನೆನಪು ಸೇರಿಕೊಂಡವು. ಬೀಸುವ ಕಲ್ಲಿನ ಗೂಟವನ್ನೇ ಅಕ್ಷರಕ್ಕೆ, ಕಲ್ಲಿನ ಸುತ್ತನ್ನೇ ಸಾಧನೆಗೆ ಹೋಲಿಸುವ ಹಾಡುಗಳವು. ದಖ್ಖನಿನ ಮನೆಗಳಲ್ಲಿ ದೀನಿನ ಮೊದಲ ಪಾಠ ಆದದ್ದು ಮೌಲ್ವಿಗಳಿಂದಲ್ಲ, ಅಡುಗೆಮನೆಯ ಈ ಗುರುಗಳಿಂದ ಎಂದರೆ ಉತ್ಪ್ರೇಕ್ಷೆಯಲ್ಲ. ಕನ್ನಡದ ಬೀಸುವ ಪದಗಳನ್ನು ಬಲ್ಲ ನಮ್ಮ ಹೆಣ್ಣುಮಕ್ಕಳಿಗೆ ಈ ದಾರಿ ಹೊಸದೂ ಅಲ್ಲ. ಪಕ್ಕದ ಮನೆಯ ಕಲ್ಲಿನಲ್ಲಿ ಬೇರೆ ದೇವರ ಹೆಸರಿತ್ತು, ಹಿಟ್ಟು ಒಂದೇ ಬಗೆಯದು.

ಇಂಥ ಒಂದು ಚಕ್ಕಿನಾಮಾ ಬಂದೇ ನವಾಜರ ಹೆಸರಿನಲ್ಲೇ ಇದೆ. 'ಮೇರಾಜುಲ್ ಆಶಿಖೀನ್' ಎಂಬ ದಖನಿ ಗದ್ಯವನ್ನೂ ಅವರದೆಂದು ಬಹುಕಾಲ ನಂಬಲಾಗಿತ್ತು. ಮೌಲ್ವಿ ಅಬ್ದುಲ್ ಹಕ್ ಅದನ್ನು ಪ್ರಕಟಿಸಿದಾಗ ಉರ್ದುವಿನ ಮೊದಲ ಗದ್ಯಗ್ರಂಥ ಕನ್ನಡ ನೆಲದ್ದು ಎಂದು ನಮ್ಮವರು ಹೆಮ್ಮೆಪಟ್ಟರು. ಅದರ ಭಾಷೆ, ಪರಿಭಾಷೆ ಬಹಳ ಈಚಿನವು, ಅದು ಬೇರೊಬ್ಬರದು ಎಂದು ನಂತರದ ಸಂಶೋಧಕರು ವಾದಿಸಿದ್ದಾರೆ. ಹೆಮ್ಮೆ ಕಡಿಮೆಯಾಯಿತೆಂದು ನಾವು ಕೊರಗಬೇಕಾಗಿಲ್ಲ. ತಮ್ಮ ಹಾಡಿಗೆ, ತಮ್ಮ ಬರಹಕ್ಕೆ ಗುರುವಿನ ಹೆಸರಿಟ್ಟು ತಾವು ಮರೆಯಾದ ಅನಾಮಿಕರು ಗುರುದಕ್ಷಿಣೆ ಕೊಟ್ಟ ಬಗೆ ಅದು.

ಉಳಿದದ್ದು, ಕಳೆದದ್ದು

ಪ್ರತಿವರ್ಷ ಜುಲ್‌ಖಾದಾ ತಿಂಗಳ 15, 16, 17ರಂದು ಕಲಬುರಗಿಯಲ್ಲಿ ಉರುಸು ನಡೆಯುತ್ತದೆ. ಮೆಹಬೂಬ್ ಗುಲ್ಶನ್ ಉದ್ಯಾನದಿಂದ ಸಂದಲ್ ಹೊರಡುತ್ತದೆ. ಜಾತಿ ಧರ್ಮದ ಲೆಕ್ಕವಿಲ್ಲದೆ ಜನ ಬರುತ್ತಾರೆ. ಅದೇ ಊರಿನಲ್ಲಿ ಶರಣಬಸವೇಶ್ವರರ ಗುಡಿಗೂ ಹೋಗಿ ದರ್ಗಾಕ್ಕೂ ಬಂದು ಕೈಮುಗಿಯುವವರಿದ್ದಾರೆ. ಗೇಸೂದರಾಜರ ಶಿಷ್ಯನಾಗಿದ್ದ ಅಹ್ಮದ್ ಷಾ ಬೀದರಿನ ಬಳಿಯ ಅಷ್ಟೂರಿನಲ್ಲಿ ಮಲಗಿದ್ದಾನೆ. ಅವನ ಉರುಸಿಗೆ ಆಳಂದ ಕಡೆಯ ಮಾಡಿಯಾಳದಿಂದ ಲಿಂಗಾಯತ ಜಂಗಮರು ಬಂದು ಮುಂದಾಳುತನ ವಹಿಸುತ್ತಾರೆ. ಇದನ್ನೆಲ್ಲ ಯಾವ ಸರ್ಕಾರವೂ ಆಜ್ಞೆ ಹೊರಡಿಸಿ ಮಾಡಿಸಿದ್ದಲ್ಲ. ರಹಮತ್ ತರೀಕೆರೆಯವರು 1998ರಲ್ಲಿ 'ಕರ್ನಾಟಕದ ಸೂಫಿಗಳು' ಪುಸ್ತಕ ತಂದಾಗ ಈ ಜನಜೀವನದ ವಿಸ್ತಾರ ಕನ್ನಡ ಓದುಗರಿಗೆ ಮೊದಲ ಬಾರಿ ಅಷ್ಟು ಸ್ಪಷ್ಟವಾಗಿ ಕಂಡಿತು.

ಪಾಠದ ಎಳೆಯೂ ಪೂರ್ತಿ ಕಡಿದಿಲ್ಲ. ದರ್ಗಾದ ಸಜ್ಜಾದಾ ನಶೀನರಾಗಿದ್ದ ಸೈಯದ್ ಷಾ ಖುಸ್ರೋ ಹುಸೈನಿಯವರು ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಓದಿ, ತಮ್ಮ ಪೂರ್ವಜರ ಸೂಫಿ ಚಿಂತನೆಯ ಮೇಲೆ ಇಂಗ್ಲಿಷಿನಲ್ಲಿ 1983ರಲ್ಲಿ ಗ್ರಂಥ ಪ್ರಕಟಿಸಿದರು. 2024ರ ನವೆಂಬರಿನಲ್ಲಿ ಅವರು ನಿಧನರಾದರು. ದರ್ಗಾಕ್ಕೆ ಹೊಂದಿಕೊಂಡು ಬೆಳೆದ ಶಿಕ್ಷಣ ಸಂಸ್ಥೆಗಳಲ್ಲಿ ಇಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳಿವೆ. 2018ರಲ್ಲಿ ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯವೂ ಬಂತು. ಗುರುವಿನ ಹೆಸರಲ್ಲಿ ತರಗತಿಗಳು ನಡೆಯುವುದು ಸಂತೋಷದ ವಿಷಯ. ಗಣಿತಪ್ರೇಮಿ ಫಿರೋಜ್ ಷಾ ಇದನ್ನು ಕಂಡಿದ್ದರೆ ನಗುತ್ತಿದ್ದನೋ ಏನೋ. ಅವನು ಬಯಸಿದ ವಿದ್ಯೆ ಕೊನೆಗೂ ಅವನ ಎದುರಾಳಿಯ ಅಂಗಳದಲ್ಲೇ ನೆಲೆ ಕಂಡುಕೊಂಡಿದೆ.

ಆದರೆ ನಮ್ಮಂಥವರ ಕೊರತೆ ತುಂಬಿಲ್ಲ. ನಾವು ಉರ್ದುವಿನಲ್ಲೂ ಓದಿದವರು, ಕನ್ನಡದಲ್ಲೂ ಓದಿದವರು. ಗೇಸೂದರಾಜರ ಕೆಲವು ಗ್ರಂಥಗಳು ಉರ್ದುವಿಗೆ ಬಂದಿವೆ, ಅಷ್ಟರಮಟ್ಟಿಗೆ ನಮಗೆ ಬಾಗಿಲು ತೆರೆದಿದೆ. ನಮ್ಮ ಮಕ್ಕಳಿಗೆ ಅದೂ ಇಲ್ಲ. ಕನ್ನಡ ಮಾಧ್ಯಮದಲ್ಲೋ ಇಂಗ್ಲಿಷ್ ಮಾಧ್ಯಮದಲ್ಲೋ ಓದುವ ಈ ಮಕ್ಕಳು ಮನೆಯಲ್ಲಿ ದಖನಿ ಮಾತಾಡುತ್ತಾರೆ, ಆದರೆ ಉರ್ದು ಲಿಪಿ ಓದಲಾರರು. ಅವರ ಪಾಲಿಗೆ ಬಂದೇ ನವಾಜರು ಕ್ಯಾಲೆಂಡರಿನ ಒಂದು ಗುಮ್ಮಟ. ಕುರ್‌ಆನ್ ಕನ್ನಡಕ್ಕೆ ಬಂದಿದೆ, ಹದೀಸ್ ಬಂದಿದೆ, ರೂಮಿಯೂ ಬಂದಿದ್ದಾರೆ. ಕನ್ನಡ ನೆಲದಲ್ಲೇ ಇಪ್ಪತ್ತು ವರ್ಷ ಪಾಠ ಹೇಳಿ ಇದೇ ಮಣ್ಣಿನಲ್ಲಿ ಮಲಗಿದವರ 'ಜವಾಮಿಉಲ್ ಕಲಿಮ್' ಕನ್ನಡದ ಪ್ರತಿ ಓದುಗನ ಕೈಗೆ ಸಿಗುವ ಪುಸ್ತಕವಾಗಿಲ್ಲ. ಹರಕೆಯ ಚಾದರಕ್ಕೆ ನಾವು ಖರ್ಚು ಮಾಡುವ ದುಡ್ಡಿನಲ್ಲಿ ಒಂದು ಪಾಲು ಅನುವಾದಕ್ಕೆ ಸಂದರೆ ಈ ಕೆಲಸ ಕಷ್ಟವೇನಲ್ಲ. ಅರಬಿ, ಫಾರಸಿ, ಕನ್ನಡ ಬಲ್ಲವರು ನಾಡಿನಲ್ಲಿ ಇದ್ದಾರೆ. ಅವರನ್ನು ಒಂದು ಕಡೆ ಕೂರಿಸಿ, ಊಟ ಹಾಕಿ, ಸಂಭಾವನೆ ಕೊಟ್ಟು ಕೆಲಸ ಮಾಡಿಸುವವರು ಬೇಕು.

ಹಾಗೆ ಓದತೊಡಗಿದಾಗ ಅವರ ಎಲ್ಲ ಮಾತೂ ನಮಗೆ ಒಪ್ಪಿಗೆಯಾಗಲಿಕ್ಕಿಲ್ಲ. ಅವರ ತೀರ್ಪುಗಳಲ್ಲಿ ಕೆಲವು ಆ ಕಾಲದವು. ರೂಮಿಯನ್ನು ಪ್ರೀತಿಸುವವರಿಗೆ ಸಿಟ್ಟು ಬರಬಹುದು. ಇಬ್ನ್ ಅರಬಿಯ ಪಕ್ಷ ಹಿಡಿದು ನಾವೇ ವಾದಿಸಬಹುದು. ಬರಲಿ, ವಾದಿಸೋಣ. ಗೋರಿಯ ಮುಂದೆ ತಲೆ ಬಾಗಿಸುವುದೋ ಬೇಡವೋ ಎಂದು ನಮ್ಮ ಜಮಾತುಗಳು ಹಂಚಿಹೋಗಿವೆ. ಪುಸ್ತಕದ ಮುಂದೆ ತಲೆ ಬಾಗಿಸಿ ಕೂರುವುದಕ್ಕೆ ಯಾವ ಜಮಾತಿನ ಅಡ್ಡಿಯೂ ಇಲ್ಲ. ಓದು ಮುಗಿಸು ಎಂದು ಚಿರಾಗೆ ದೆಹಲಿಯವರು ಹದಿಹರೆಯದ ಹುಡುಗನಿಗೆ ಹೇಳಿದ ಮಾತು ಅವನೊಬ್ಬನಿಗೆ ಹೇಳಿದ್ದಲ್ಲ.